ಕೊಳೆರೋಗದ ಪೇಪರಿಗೆ ಎಷ್ಟು ಸೈಟೇಷನ್?

ಮುಂಗಾರು ಶುರುವಾಗುವ ಹೊತ್ತಿಗೆ ತೀರ್ಥಹಳ್ಳಿ, ಸಾಗರದ ಕಡೆ ಯಾವ ಅಡಿಕೆ ತೋಟಕ್ಕೆ ಹೋದರೂ ಒಂದು ಡ್ರಮ್ ಕಾಣುತ್ತದೆ. ನೂರು ಲೀಟರ್ ನೀರು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೆರೆಸಿದ ಮೇಲೆ ಅದರಲ್ಲಿ ಕತ್ತಿಯ ತುದಿ ಅದ್ದಿ ನೋಡುತ್ತಾರೆ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ. ಇನ್ನಷ್ಟು ಹಾಕಿ ಮತ್ತೆ ಅದ್ದುತ್ತಾರೆ. ಆಮೇಲೆ ಅಡಿಕೆ ಗೊನೆಗೆ ಔಷಧಿ ಹೊಡೆಯುವುದು.

ಈ ಬೋರ್ಡೋ ದ್ರಾವಣವನ್ನು ನಮ್ಮ ತೋಟಗಳಿಗೆ ಹೇಳಿಕೊಟ್ಟವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗವನ್ನು ತರುವ ಶಿಲೀಂಧ್ರದ ಬಗ್ಗೆ 1910ರಲ್ಲಿ ಬರೆದರು. ಬರೆದದ್ದು ಕೃಷಿ ಇಲಾಖೆಯ ಒಂದು ಬುಲೆಟಿನ್‌ನಲ್ಲಿ. ಇವತ್ತು ಯಾರಾದರೂ ಅಂಥದ್ದೇ ಕೆಲಸ ಮಾಡಿ ಇಲಾಖೆಯ ಬುಲೆಟಿನ್‌ನಲ್ಲಿ ಬರೆದರೆ, ಬಡ್ತಿಯ ಅರ್ಜಿಯಲ್ಲಿ ಅದಕ್ಕೆ ಸಿಗುವ ಬೆಲೆ ತೀರಾ ಕಡಿಮೆ. 'ಯಾವ ಜರ್ನಲ್? ಎಷ್ಟು ಸೈಟೇಷನ್? ಎಚ್ ಇಂಡೆಕ್ಸ್ ಎಷ್ಟು?' ಮೊದಲು ಕೇಳುವುದೇ ಇದನ್ನು. ಸೈಟೇಷನ್ ಅಂದರೆ ಬೇರೆಯವರು ತಮ್ಮ ಪೇಪರಿನಲ್ಲಿ ಈ ಪೇಪರನ್ನು ಉಲ್ಲೇಖಿಸುವುದು.

ಈ ಲೆಕ್ಕ ಹುಟ್ಟಿದ್ದು ಲೈಬ್ರರಿಯ ಅಗತ್ಯಕ್ಕೆ. 1927ರಲ್ಲಿ ಅಮೆರಿಕದಲ್ಲಿ ಗ್ರಾಸ್ ಮತ್ತು ಗ್ರಾಸ್ ಎಂಬ ಇಬ್ಬರು, ಒಂದು ರಸಾಯನಶಾಸ್ತ್ರ ಪತ್ರಿಕೆಯ ಅಡಿಟಿಪ್ಪಣಿಗಳನ್ನು ಎಣಿಸಿದರು. ಸಣ್ಣ ಕಾಲೇಜು ತನ್ನ ಇರುವಷ್ಟು ದುಡ್ಡಿನಲ್ಲಿ ಯಾವ ಪತ್ರಿಕೆ ತರಿಸಬೇಕು ಅಂತ ತಿಳಿಯುವುದಷ್ಟೇ ಅವರಿಗೆ ಬೇಕಿತ್ತು. 1955ರಲ್ಲಿ ಯೂಜೀನ್ ಗಾರ್ಫೀಲ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಳೇ ತೀರ್ಪನ್ನು ಮುಂದೆ ಯಾವ ಕೋರ್ಟು ಎತ್ತಿಕೊಂಡಿತು ಎಂದು ಹುಡುಕಲು ಅಲ್ಲಿನ ವಕೀಲರ ಬಳಿ ಒಂದು ಸೂಚಿ ಇತ್ತು. ವಿಜ್ಞಾನಕ್ಕೂ ಅಂಥದ್ದು ಬೇಕು ಎಂದರು. 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಬಂತು. ಒಳ್ಳೆಯ ಕೆಲಸ ಅದು. ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತು ಅಂತ ನೋಡಲು ಈಗಲೂ ಅದಕ್ಕಿಂತ ಚೆನ್ನಾದ ದಾರಿ ನನಗೆ ಗೊತ್ತಿಲ್ಲ.

ತೊಂದರೆ ಶುರುವಾಗಿದ್ದು ಪತ್ರಿಕೆ ಅಳೆಯುವ ಕೊಳಗದಲ್ಲಿ ಮನುಷ್ಯರನ್ನು ಅಳೆಯಲು ಹೊರಟಾಗ. ಒಂದು ಜರ್ನಲ್‌ನ ಲೇಖನಕ್ಕೆ ಸರಾಸರಿ ಎಷ್ಟು ಉಲ್ಲೇಖ ಬಂತು ಅಂತ ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದು ಹಿಂದಿನ ಎರಡು ವರ್ಷದ ಲೇಖನಗಳನ್ನು ಮಾತ್ರ. ಅಡಿಕೆ ಸಸಿ ಫಸಲಿಗೆ ಬರುವುದಕ್ಕೇ ಐದಾರು ವರ್ಷ ಬೇಕು, ಅಲ್ವಾ?

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್ ಇಂಡೆಕ್ಸ್ ಕೊಟ್ಟರು. ಲೆಕ್ಕ ಸುಲಭ. ಒಬ್ಬರ ಐದು ಪೇಪರಿಗೆ 20, 9, 4, 3, 1 ಉಲ್ಲೇಖ ಬಂದಿವೆ ಅನ್ನಿ. ಮೂರು ಪೇಪರಿಗೆ ಕನಿಷ್ಠ ಮೂರು ಮೂರು ಇವೆ, ನಾಲ್ಕಕ್ಕೆ ನಾಲ್ಕು ನಾಲ್ಕು ಇಲ್ಲ. ಹಾಗಾಗಿ ಎಚ್ ಮೂರು. ಹಿರ್ಷ್ ಅದೇ ಲೇಖನದಲ್ಲಿ ಎಚ್ಚರಿಕೆಯನ್ನೂ ಹೇಳಿದ್ದರು. ಭೌತವಿಜ್ಞಾನದ ಎಡ್ವರ್ಡ್ ವಿಟ್ಟನ್ ಅವರದು ಆಗ 110, ಜೀವವಿಜ್ಞಾನದ ಸಾಲೊಮನ್ ಸ್ನೈಡರ್ ಅವರದು 191. ಇದನ್ನು ನೋಡಿ ಸ್ನೈಡರ್ ದೊಡ್ಡವರು ಅನ್ನುವ ಹಾಗಿಲ್ಲ. ಜೀವವಿಜ್ಞಾನದಲ್ಲಿ ಬರೆಯುವವರೂ ಜಾಸ್ತಿ, ಒಂದೊಂದು ಪೇಪರಿನ ಕೊನೆಯ ಪಟ್ಟಿಯೂ ಉದ್ದ. ಗಣಿತದಲ್ಲಿ ಎರಡೂ ಕಡಿಮೆ.

ಒಂದೇ ಕ್ಷೇತ್ರದ ಒಳಗೂ ಹೀಗೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನ ಜ್ವರದಿಂದ ಮಲಗಿದರು. ಹೊಸ ವೈರಸ್ ಸಿಕ್ಕಿತು, ಉಣುಗಿನಿಂದ ಹರಡುತ್ತದೆ ಅಂತ ತಿಳಿಯಿತು. ಡೆಂಗಿ ಬಗ್ಗೆ ಜಗತ್ತಿನ ನೂರಾರು ಪ್ರಯೋಗಾಲಯಗಳು ಬರೆಯುತ್ತವೆ. ಮಂಗನ ಕಾಯಿಲೆಯ ಮೇಲೆ ಕೆಲಸ ಮಾಡುವವರು ಬೆರಳೆಣಿಕೆಯಷ್ಟು. ಅವರ ಪೇಪರನ್ನು ಉಲ್ಲೇಖಿಸಲು ಜನವಾದರೂ ಎಲ್ಲಿದ್ದಾರೆ? ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಜ್ವರ ಬಂದವರಿಗೆ ಮಾತ್ರ ಆ ಪೇಪರು ಬೇಕೇ ಬೇಕು.

ಇದಕ್ಕೆ ಪರಿಹಾರ ಹುಡುಕಿದವರಿದ್ದಾರೆ. ಅದೇ ವಿಷಯದ, ಅದೇ ವರ್ಷದ ಸರಾಸರಿಗೆ ಹೋಲಿಸಿ ನೋಡುವುದು ಒಂದು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಜರ್ನಲ್‌ಗಳ ಸಂಪಾದಕರು, ಪ್ರಕಾಶಕರು, ಜರ್ನಲ್‌ನ ಅಂಕಿ ನೋಡಿ ವ್ಯಕ್ತಿಯನ್ನು ತೂಗಬೇಡಿ ಎಂದರು. ಸಂಶೋಧನೆಯನ್ನು ಅಳೆಯುವುದು ಹೇಗೆ ಅಂತ 2015ರ ಲೈಡನ್ ಪ್ರಣಾಳಿಕೆ ಹತ್ತು ಸೂತ್ರ ಕೊಟ್ಟಿತು. ಊರಿಗೆ ಬೇಕಾದ ಸಂಶೋಧನೆಯನ್ನು ಕಾಪಾಡಿ ಎನ್ನುವುದು ಅದರಲ್ಲಿ ಮೂರನೆಯದು. ಮಲೆನಾಡಿನವಳಾಗಿ ನನಗೆ ಅದೇ ಎಲ್ಲಕ್ಕಿಂತ ಮುಖ್ಯ.

ನಮ್ಮಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2010ರಲ್ಲಿ ಅಧ್ಯಾಪಕರ ನೇಮಕ, ಬಡ್ತಿಗೆ ಪೇಪರಿಗೆ ಇಷ್ಟು ಅಂಕ ಎಂದು ಗೊತ್ತು ಮಾಡಿತು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಅಣಬೆಯಂತೆ ಎದ್ದವು. ಅವನ್ನು ಸೋಸಲು, ಒಪ್ಪಬಹುದಾದ ಜರ್ನಲ್‌ಗಳ ಕೇರ್ ಪಟ್ಟಿ ಬಂತು. 2025ರಲ್ಲಿ ಅದನ್ನೂ ಕೈಬಿಟ್ಟು, ಜರ್ನಲ್ ಆರಿಸುವ ಜವಾಬ್ದಾರಿಯನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟರು. ಅಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲೂ ಈಗ ಇದನ್ನು ಕೂತು ಯೋಚಿಸಬಹುದು. ಆಯ್ಕೆ ಸಮಿತಿಯಲ್ಲಿ ಅಂಕಿ ಕೂಡುವವರ ಪಕ್ಕದಲ್ಲಿ, ಅರ್ಜಿದಾರರ ಎರಡು ಮೂರು ಪೇಪರನ್ನು ಪೂರ್ತಿ ಓದಿ ಬಂದ ಒಬ್ಬರನ್ನಾದರೂ ಕೂರಿಸಬಹುದು.