ಸಿಸ್ಟಿಕ್ ಫೈಬ್ರೋಸಿಸ್ ಇದ್ದವರು ಗರ್ಭಿಣಿ ಆಗಬಹುದಾ?

ಬದಿಯಡ್ಕ, ಕುಂಬಳೆ ಕಡೆಯ ಕನ್ನಡ ಮೀಡಿಯಂ ಶಾಲೆಗಳಲ್ಲಿ ಓದಿ ಈಗ ನರ್ಸಿಂಗ್‌ಗೆ ಸೇರಿದ ಗೆಳತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಿಸ್ಟಿಕ್ ಫೈಬ್ರೋಸಿಸ್ ಅಂದರೆ ಶ್ವಾಸಕೋಶ ಮತ್ತು ಬೇರೆ ಅಂಗಗಳಲ್ಲಿ ಲೋಳೆ ಗಟ್ಟಿಯಾಗುವ, ಅಪ್ಪ-ಅಮ್ಮನಿಂದ ಬರುವ ಕಾಯಿಲೆ. ನಮ್ಮಲ್ಲಿ ಹಲವರು ನೋಟ್ಸಿನಲ್ಲಿ "ಈ ಕಾಯಿಲೆಯವರಿಗೆ ಮಕ್ಕಳಾಗುವುದಿಲ್ಲ" ಅಂತ ಒಂದೇ ಸಾಲು ಬರೆದುಕೊಂಡಿದ್ದಾರೆ. ದಯವಿಟ್ಟು ಅದನ್ನು ಹೊಡೆದುಹಾಕಿ.

ಆ ಮಾತು ಹುಟ್ಟಿದ್ದು ಈ ಕಾಯಿಲೆ ಇರುವ ಗಂಡಸರನ್ನು ನೋಡಿ. ಅವರಲ್ಲಿ 100ಕ್ಕೆ 95ಕ್ಕಿಂತ ಜಾಸ್ತಿ ಜನರಿಗೆ ವೀರ್ಯನಾಳವೇ ಇರುವುದಿಲ್ಲ. ಹೆಂಗಸರಲ್ಲಿ ಹಾಗಲ್ಲ. ಗರ್ಭಕೋಶ, ಅಂಡಾಶಯ, ಟ್ಯೂಬು ಎಲ್ಲ ಸರಿಯಾಗಿಯೇ ಇರುತ್ತವೆ.

ತೊಂದರೆ ಇರುವುದು ಲೋಳೆಯಲ್ಲಿ. ತಲೆಗೆ ಹಾಕಲು ದಾಸವಾಳದ ಸೊಪ್ಪು ಕಿವುಚಿ ಗೊಂಪು ಮಾಡಿದ್ದೀರಲ್ವಾ? ನೀರು ಜಾಸ್ತಿ ಇದ್ದರೆ ಬೆರಳ ಸಂದಿಯಿಂದ ಜಾರಿ ಇಳಿಯುತ್ತದೆ. ನೀರು ಕಡಿಮೆಯಾದರೆ ಅಂಗೈಗೇ ಅಂಟಿ ಕೂರುತ್ತದೆ. ಗರ್ಭಕೋಶದ ಬಾಯಿಯಲ್ಲೂ ಇದೇ ಕಥೆ. ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಅಲ್ಲಿನ ಲೋಳೆ ತೆಳ್ಳಗಾಗಿ ವೀರ್ಯಾಣುವಿಗೆ ದಾರಿ ಬಿಡಬೇಕು. ಸಿಎಫ್‌ಟಿಆರ್ ಎಂಬ ಜೀನ್ ಕೆಟ್ಟರೇ ಈ ಕಾಯಿಲೆ; ಅದು ಕೆಟ್ಟಾಗ ಕ್ಲೋರೈಡ್, ಬೈಕಾರ್ಬನೇಟ್ ಹೊರಗೆ ಬರುವುದಿಲ್ಲ, ಅವುಗಳ ಹಿಂದೆ ನೀರೂ ಬರುವುದಿಲ್ಲ. ಲೋಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಜೊತೆಗೆ ತೂಕ ತೀರಾ ಕಡಿಮೆ ಇದ್ದರೆ ಮುಟ್ಟು ಏರುಪೇರಾಗುತ್ತದೆ.

ಅಂದರೆ ಬಸಿರು ನಿಲ್ಲುವುದು ತಡವಾಗಬಹುದು, ಆದರೆ ಬಹಳ ಜನರಿಗೆ ನಿಲ್ಲುತ್ತದೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಈ ಕಾಯಿಲೆಗೆಂದೇ ಇರುವ, ಮೂರು ಔಷಧ ಸೇರಿದ ಮಾತ್ರೆ ಬಂದ ಮೇಲೆ, ನಿರೀಕ್ಷೆಯೇ ಇಲ್ಲದೆ ಗರ್ಭಿಣಿಯಾದವರೂ ಇದ್ದಾರೆ. ಹಾಗಾಗಿ ಮಗು ಬೇಡ ಅನ್ನುವವರಿಗೆ ಗರ್ಭನಿರೋಧಕದ ಬಗ್ಗೆಯೂ ಹೇಳಲೇಬೇಕು.

ಬಸಿರಾದ ಮೇಲೆ ಮುಖ್ಯವಾಗಿ ನೋಡುವುದು ಶ್ವಾಸಕೋಶ, ತೂಕ, ಸಕ್ಕರೆ. ಉಸಿರಿನ ಬಲ ತುಂಬಾ ಕುಗ್ಗಿದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯ ಹೆಚ್ಚು. ಸಕ್ಕರೆ ಪರೀಕ್ಷೆಗೆ 24ನೇ ವಾರದ ತನಕ ಕಾಯಬೇಡಿ, ಶುರುವಿನಲ್ಲೇ ಒಮ್ಮೆ ಮಾಡಿಸಬೇಕು. ಕಫ ತೆಗೆಯುವ ಫಿಸಿಯೋಥೆರಪಿಯನ್ನು ಒಂದು ದಿನವೂ ಬಿಡುವ ಹಾಗಿಲ್ಲ.

ಇನ್ನು ಗಂಡನ ರಕ್ತಪರೀಕ್ಷೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ, ಯಾಕೆಂದರೆ ನಮ್ಮೂರುಗಳಲ್ಲಿ ಸೋದರಮಾವನ ಮಗನನ್ನು ಮದುವೆಯಾಗುವುದು ಇನ್ನೂ ಇದೆ. ಒಂದೇ ಮನೆತನವಾದರೆ ಅದೇ ಕೆಟ್ಟ ಜೀನ್ ಅವನಲ್ಲೂ ಇರುವ ಸಾಧ್ಯತೆ ಜಾಸ್ತಿ. ಅವನು ವಾಹಕನಲ್ಲದಿದ್ದರೆ, ಅಂದರೆ ಕೆಟ್ಟ ಜೀನಿನ ಒಂದು ಪ್ರತಿಯೂ ಅವನಲ್ಲಿ ಇಲ್ಲದಿದ್ದರೆ, ಮಕ್ಕಳೆಲ್ಲ ಬರೀ ವಾಹಕರು, ಅವರಿಗೆ ಕಾಯಿಲೆ ಬರುವುದಿಲ್ಲ. ಅವನೂ ವಾಹಕನಾದರೆ ಪ್ರತಿ ಬಸಿರಲ್ಲೂ ಕಾಯಿಲೆಯ ಸಾಧ್ಯತೆ ಅರ್ಧಕ್ಕರ್ಧ. ಈ ರಕ್ತಪರೀಕ್ಷೆಗೆ ಬರೆಸುವಾಗ ಒಂದು ಎಚ್ಚರಿಕೆ: ಈ ಜೀನಿನ ಎಫ್508ಡೆಲ್ ಎಂಬ ದೋಷ ಯುರೋಪಿನಷ್ಟು ನಮ್ಮಲ್ಲಿ ಸಾಮಾನ್ಯವಲ್ಲ. ಅದೊಂದನ್ನೇ ನೋಡಿ "ಏನೂ ಇಲ್ಲ" ಅಂದುಬಿಟ್ಟರೆ ಬೇರೆ ದೋಷ ತಪ್ಪಿಹೋಗಬಹುದು.