ಕೆಂಪು ಔಷಧಿ, ಪುಟ್ಟ ಹೃದಯ

ಮಗುವಿನ ರಕ್ತದ ಕ್ಯಾನ್ಸರ್ ಗುಣವಾದ ಮೇಲೆ ಎಷ್ಟೋ ಮನೆಗಳಲ್ಲಿ ಆ ಮಾತನ್ನೇ ಎತ್ತುವುದಿಲ್ಲ. ಹೆಣ್ಣುಮಗುವಾದರಂತೂ ಆಸ್ಪತ್ರೆಯ ಫೈಲ್ ಅಟ್ಟ ಸೇರುತ್ತದೆ, ಇಲ್ಲವೇ ಒಲೆ ಸೇರುತ್ತದೆ. ನಾಳೆ ಮದುವೆಗೆ ಅಡ್ಡಿಯಾಗಬಾರದಲ್ವಾ? ಕ್ಯಾನ್ಸರ್ ಅಂಟುರೋಗವಲ್ಲ, ಹಿಂದಿನ ಜನ್ಮದ ಕರ್ಮವೂ ಅಲ್ಲ. ಆದರೆ ಆ ಫೈಲಿನ ಒಂದು ಸಾಲು ಮುಂದೆ ಜೀವ ಉಳಿಸಬಲ್ಲದು: ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿ ಒಟ್ಟು ಎಷ್ಟು ಕೊಟ್ಟರು ಅನ್ನುವ ಸಾಲು.

ಸಿರಿಂಜಿನಲ್ಲಿ ಈ ಔಷಧಿ ಕಡುಗೆಂಪು. ಕೊಟ್ಟ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗೆ ಬರುತ್ತದೆ. ನರ್ಸ್ ಮೊದಲೇ ಹೇಳದಿದ್ದರೆ ತಾಯಂದಿರು ರಕ್ತವೆಂದೇ ಹೆದರುತ್ತಾರೆ. ಇದರ ಮೂಲ ಇಟಲಿಯ ಮಣ್ಣು. 1950ರ ದಶಕದಲ್ಲಿ ಕ್ಯಾಸ್ಟೆಲ್ ಡೆಲ್ ಮಾಂಟೆ ಕೋಟೆಯ ಹತ್ತಿರದ ಮಣ್ಣಿನಲ್ಲಿ ಕೆಂಪು ವಸ್ತು ತಯಾರಿಸುವ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದರ ಬದಲಾದ ತಳಿಯಿಂದ ಡಾಕ್ಸೊರುಬಿಸಿನ್ ಬಂತು. ಅದಕ್ಕೂ ಮುಂಚೆ, 1948ರಲ್ಲಿ, ಬೋಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಎಂಬ ಔಷಧಿ ಕೊಟ್ಟು ಮಕ್ಕಳ ಲ್ಯುಕೇಮಿಯಾವನ್ನು, ಅಂದರೆ ರಕ್ತದ ಕ್ಯಾನ್ಸರನ್ನು, ಕೆಲವು ತಿಂಗಳ ಮಟ್ಟಿಗಾದರೂ ಹಿಮ್ಮೆಟ್ಟಿಸಿದ್ದರು. ಆ ಔಷಧಿ ಮಾಡಿಕೊಟ್ಟದ್ದು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅವರ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಇರಲಿ, ಹೃದಯಕ್ಕೆ ಬರೋಣ. ಕ್ಯಾನ್ಸರ್ ಕೊಲ್ಲುವ ಡಾಕ್ಸೊರುಬಿಸಿನ್ ಹೃದಯಕ್ಕೂ ಪೆಟ್ಟು ಕೊಡಬಲ್ಲದು. ಜೀವಕೋಶದೊಳಗೆ ಡಿಎನ್ಎ ಸಿಕ್ಕುಬಿದ್ದ ನೂಲಿನ ಹಾಗೆ ಇರುತ್ತದೆ. ಟೋಪೊಐಸೊಮರೇಸ್-2 ಎಂಬ ಕಿಣ್ವ ಆ ನೂಲನ್ನು ಕತ್ತರಿಸಿ, ಸಿಕ್ಕು ಬಿಡಿಸಿ, ಮತ್ತೆ ಗಂಟು ಹಾಕುತ್ತದೆ. ಡಾಕ್ಸೊರುಬಿಸಿನ್ ಬಂದು ಕುಳಿತರೆ ಕತ್ತರಿಸುವುದು ನಡೆಯುತ್ತದೆ, ಗಂಟು ಬೀಳುವುದಿಲ್ಲ. ಬೇಗ ಬೇಗ ಹೆಚ್ಚುವ ಕ್ಯಾನ್ಸರ್ ಕೋಶ ಸಾಯುತ್ತದೆ. ತೊಂದರೆ ಏನೆಂದರೆ ಈ ಕಿಣ್ವಕ್ಕೆ ಎರಡು ರೂಪ. ಆಲ್ಫಾ ಇರುವುದು ವಿಭಜನೆಯಾಗುವ ಕೋಶಗಳಲ್ಲಿ, ಬೀಟಾ ಹೃದಯದ ಸ್ನಾಯುವಿನಲ್ಲೂ ಇದೆ. ಔಷಧಿಗೆ ಎರಡೂ ಒಂದೇ. 2012ರಲ್ಲಿ ವಿಜ್ಞಾನಿಗಳು ಇಲಿಗಳ ಹೃದಯದಿಂದ ಬೀಟಾವನ್ನೇ ತೆಗೆದು ನೋಡಿದರು. ಅಂಥ ಇಲಿಗಳ ಹೃದಯ ಈ ಔಷಧಿಯಿಂದ ಬಹುಮಟ್ಟಿಗೆ ಪಾರಾಯಿತು.

ಹೃದಯದ ಸ್ನಾಯುಕೋಶ ಸತ್ತರೆ ಹೊಸದು ಹುಟ್ಟುವುದು ತೀರಾ ಕಡಿಮೆ. ಉಳಿದವೇ ದಪ್ಪಗಾಗಿ ಕೆಲಸ ತೂಗಿಸಬೇಕು. ಐದು ವರ್ಷದ ಮಗುವಿನ ಮೈ ಬೆಳೆಯುತ್ತಲೇ ಹೋಗುತ್ತದೆ, ಹೃದಯದ ಗೋಡೆ ಅದಕ್ಕೆ ತಕ್ಕಷ್ಟು ಬೆಳೆಯದೆ ತೆಳ್ಳಗೆ ಉಳಿಯಬಹುದು. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಕ್ಕಳ ಹೃದಯ ತಜ್ಞ ಸ್ಟೀವನ್ ಲಿಪ್ಶುಲ್ಟ್ಸ್ ಮತ್ತು ಸಂಗಡಿಗರು ಈ ಔಷಧಿ ಪಡೆದು ಗುಣವಾದ 115 ಮಕ್ಕಳನ್ನು ಪರೀಕ್ಷಿಸಿದರು. ಶೇ. 57ರಷ್ಟು ಮಕ್ಕಳ ಹೃದಯದಲ್ಲಿ ಏರುಪೇರು ಇತ್ತು. ಆಡಿಕೊಂಡು, ಓಡಿಕೊಂಡು ಇದ್ದ ಮಕ್ಕಳಲ್ಲೂ ಸಿಕ್ಕಿತು.

ಹಾಗಂತ ಔಷಧಿಯನ್ನು ಬೈಯಬೇಡಿ. ಅದಿಲ್ಲದೆ ಎಷ್ಟೋ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಈಗ ಡೋಸ್ ಕಡಿಮೆ ಮಾಡಿದ್ದಾರೆ. ಹೃದಯ ಕಾಯಲು ಡೆಕ್ಸ್‌ರಾಜಾಕ್ಸೇನ್ ಎಂಬ ಇನ್ನೊಂದು ಔಷಧಿಯೂ ಇದೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ ಡಾಕ್ಸೊರುಬಿಸಿನ್ ಒಟ್ಟು 250 ಮಿಲಿಗ್ರಾಂ ದಾಟಿದವರಿಗೆ ಅಪಾಯ ಜಾಸ್ತಿ. ಎದೆಗೆ ರೇಡಿಯೇಷನ್ ಕೊಟ್ಟಿದ್ದರೆ ಇನ್ನೂ ಜಾಸ್ತಿ. ಇಂಥವರು ಆರೋಗ್ಯವಾಗಿದ್ದರೂ ಆಗಾಗ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೇಬೇಕು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಗುಣವಾದ ಮಕ್ಕಳಿಗೆಂದೇ 1991ರಲ್ಲಿ ಕ್ಲಿನಿಕ್ ತೆರೆಯಿತು.

ಮುಚ್ಚಿಟ್ಟ ವಿಷಯ ಹೆಚ್ಚು ಕಾಡುವುದು ಬಸುರಿಯಾದಾಗ. ಆಗ ಮೈಯಲ್ಲಿ ರಕ್ತ ಅರ್ಧದಷ್ಟು ಹೆಚ್ಚುತ್ತದೆ. ತೆಳುವಾದ ಹೃದಯ ಅದನ್ನು ತಳ್ಳಲು ಒದ್ದಾಡಬಹುದು. ಸುಸ್ತು, ಕಾಲು ಬಾವು, ಏದುಸಿರು ಎಲ್ಲವನ್ನೂ ಬಸಿರಿನ ತೊಂದರೆ ಅಂದುಕೊಳ್ಳುತ್ತಾರೆ. ಮೊದಲ ಭೇಟಿಯಲ್ಲೇ ಹೇಳಿಬಿಟ್ಟರೆ ಡಾಕ್ಟರು ಎಕೋ ಮಾಡಿಸಿ, ಬೇಕಾದರೆ ಹೃದಯ ತಜ್ಞರನ್ನೂ ಜೊತೆಗೆ ಇಟ್ಟುಕೊಂಡು ಹೆರಿಗೆಗೆ ಸಿದ್ಧವಾಗುತ್ತಾರೆ.