ಸುಟ್ಟ ಕಾಡಿಗೆ ಬೀಜದುಂಡೆ ಎಸೆಯಬೇಕೇ?

ಪ್ರಶ್ನೆ: ಬಂಡೀಪುರದಂಥ ಕಾಡಿಗೆ ಬೆಂಕಿ ಬಿದ್ದಾಗಲೆಲ್ಲ ಬೀಜದುಂಡೆ (ಮಣ್ಣಿನಲ್ಲಿ ಬೀಜ ಸೇರಿಸಿ ಕಟ್ಟಿದ ಉಂಡೆ) ಎಸೆಯುವ ಮಾತು ಕೇಳಿಬರುತ್ತದೆ. ಮಳೆಗೆ ಮುಂಚೆ ಬೀಜ ಹಾಕಿದರೆ ಕಾಡು ಬೇಗ ಮರಳುತ್ತದೆಯೇ?

ಉತ್ತರ: ಬಂಡೀಪುರದ ಮಟ್ಟಿಗೆ, ಬಹುಪಾಲು ಕಡೆ ಬೀಜದ ಅಗತ್ಯವೇ ಇಲ್ಲ. ಅದು ಬೇಸಿಗೆಯಲ್ಲಿ ಎಲೆ ಉದುರಿಸುವ ಒಣ ಕಾಡು. ಮತ್ತಿ, ದಿಂಡಿಗ, ಹೊನ್ನೆ, ತೇಗ, ನೆಲ್ಲಿ ಅಲ್ಲಿನ ಮರಗಳು. ಮತ್ತಿಯ ತೊಗಟೆ ಮೊಸಳೆಯ ಚರ್ಮದಂತೆ ದಪ್ಪ. ನೆಲದಲ್ಲಿ ಹರಿದಾಡುವ ಬೆಂಕಿ ಅದರ ಒಳಜೀವಕ್ಕೆ ಸುಲಭದಲ್ಲಿ ತಟ್ಟುವುದಿಲ್ಲ. ಎಳೆಯ ಗಿಡಗಳ ಕಾಂಡ ಸುಟ್ಟರೂ ಬೇರು ಬದುಕಿರುತ್ತದೆ, ಮೊದಲ ಮಳೆಗೆ ಬುಡದಿಂದ ಚಿಗುರುತ್ತದೆ. ವರ್ಷಗಟ್ಟಲೆ ಆಳಕ್ಕಿಳಿದ ಬೇರಿನ ಬಲ ಆ ಚಿಗುರಿಗಿದೆ. ಉಂಡೆಯಿಂದ ಆಗಷ್ಟೇ ಮೊಳೆತ ಸಸಿಗೆ ಅದಿಲ್ಲ, ಮಳೆ ಕೈಕೊಟ್ಟ ಕೂಡಲೇ ಒಣಗುತ್ತದೆ. ಬೀಜ ಹರಡುವವರೂ ಕಾಡಿನಲ್ಲೇ ಇದ್ದಾರೆ: ನೆಲ್ಲಿಕಾಯಿ ನುಂಗಿದ ಜಿಂಕೆ ಮೆಲುಕು ಹಾಕುವಾಗ ಬೀಜವನ್ನು ಉಗುಳುತ್ತದೆ.

2019ರ ಫೆಬ್ರುವರಿಯಲ್ಲಿ ಇಲ್ಲಿ ಸಾವಿರಾರು ಎಕರೆ ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಅಂಥ ದೃಶ್ಯ ಕಂಡವರಿಗೆ ಏನಾದರೂ ಮಾಡಬೇಕೆನ್ನಿಸುವುದು ಸಹಜ, ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಬೀಜದ ಕೊರತೆಗಿಂತ ದೊಡ್ಡ ಅಪಾಯ ಮತ್ತೆ ಮತ್ತೆ ಬೀಳುವ ಬೆಂಕಿ. ಚಿಗುರು ಜ್ವಾಲೆಗೆ ಸಿಗದಷ್ಟು ಎತ್ತರ ಬೆಳೆಯಲು ಹಲವು ವರ್ಷ ಬೇಕು. ಅಷ್ಟರೊಳಗೆ ಯಾರೋ ಇನ್ನೊಮ್ಮೆ ಕಡ್ಡಿ ಗೀರಿದರೆ ಅದು ಪುನಃ ಬುಡದಿಂದ ಶುರುಮಾಡಬೇಕು. ಜೊತೆಗೆ ಹೊರದೇಶದಿಂದ ಬಂದು ಕಾಡನ್ನು ಆವರಿಸಿದ ಕಳೆಗಿಡ ಲಂಟಾನ ಇದೆ. ಅದೂ ಸುಟ್ಟ ಬುಡದಿಂದ ಚಿಗುರಿ ಪೊದೆಗಟ್ಟುತ್ತದೆ, ಮುಂದಿನ ಬೇಸಿಗೆಯ ಬೆಂಕಿಯನ್ನು ಮರದ ಕೊಂಬೆಯವರೆಗೆ ಏರಿಸುತ್ತದೆ.

ಬೀಜ ಬೇಕಾಗುವುದು ಲಂಟಾನ ಕಿತ್ತು ನೆಲ ಬರಿದಾದ ಕಡೆ. ಅಲ್ಲಿ ಮೊದಲು ಸ್ಥಳೀಯ ಹುಲ್ಲಿನ ಬೀಜ ಬಿತ್ತಬೇಕು, ಇಲ್ಲವಾದರೆ ಲಂಟಾನವೇ ಮರಳುತ್ತದೆ. ಮರದ ಬೀಜವಾದರೆ ಅದೇ ಕಾಡಿನ ಮರಗಳದ್ದೇ ಆಗಬೇಕು. ಸುಲಭವಾಗಿ ಸಿಗುತ್ತದೆಂದು ಸುಬಾಬುಲ್, ಗುಲ್‌ಮೊಹರ್ ಬೀಜ ತುಂಬಿದ ಉಂಡೆ ಕಾಡಿಗೆ ಹೋಗಲೇಬಾರದು. ಅಂದಕ್ಕೆಂದು ತಂದ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಇಂದು ಬಂಡೀಪುರ, ನಾಗರಹೊಳೆಗಳನ್ನು ಆಕ್ರಮಿಸುತ್ತಿರುವುದು ಕಣ್ಣೆದುರಿಗೇ ಇದೆ. ಬೂದಿಯ ಮೇಲೆ ಎಸೆದ ಬೀಜವನ್ನು ಇರುವೆ, ಇಲಿಗಳು ಬಿಡುವುದಿಲ್ಲ. ತೆಳುವಾಗಿ ಮಣ್ಣು ಮುಚ್ಚಬೇಕು.

ಮಲೆನಾಡಿನ ನಿತ್ಯಹರಿದ್ವರ್ಣ ಕಾಡಿನ ಕಥೆ ಬೇರೆ. ಅಲ್ಲಿನ ಅನೇಕ ಮರಗಳ ತೊಗಟೆ ತೆಳು, ಸಣ್ಣ ಬೆಂಕಿಗೂ ಸಾಯುತ್ತವೆ. ಅವುಗಳಲ್ಲಿ ಹಲವು ಮರಗಳ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಕೂಡಿಟ್ಟು ಎಸೆಯಲಾಗದು. ಹಸಿಯಾಗಿರುವಾಗಲೇ ಆರಿಸಿ ನರ್ಸರಿಯಲ್ಲಿ ಸಸಿ ಮಾಡಿ ನೆಡಬೇಕು.

ಹುಲಿ ಸಂರಕ್ಷಿತ ಪ್ರದೇಶಕ್ಕೆ ಅನುಮತಿಯಿಲ್ಲದೆ ಹೋಗುವುದು ಕಾನೂನುಬಾಹಿರ. ನೆರವಾಗುವ ಮನಸ್ಸಿದ್ದರೆ ಬೇಸಿಗೆ ಕಾವೇರುವ ಮುನ್ನವೇ ಅರಣ್ಯ ಇಲಾಖೆಯನ್ನು ಸಂಪರ್ಕಿಸಿ, ಬೆಂಕಿ ರೇಖೆ (ಬೆಂಕಿ ಹರಡದಂತೆ ಒಣಹುಲ್ಲು, ತರಗೆಲೆ ತೆಗೆದ ಪಟ್ಟಿ) ಮಾಡುವ ಕೆಲಸಕ್ಕೆ ಸ್ವಯಂಸೇವಕರು ಬೇಕೇ ಎಂದು ಕೇಳಿ.